ಒಂದು ಬೆರಳು ಹೆಚ್ಚು ಅಗಲದ ಟಯರು

ಕಲ್ಯಾಣದ ಸಿಗ್ನಲ್ಲೊಂದರಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತ ತರುಣನೊಬ್ಬ ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಕತ್ತು ಬಗ್ಗಿಸಿ, ನನ್ನ ಮೋಟರ್ ಸೈಕಲ್ಲಿನ ಹಿಂದಿನ ಚಕ್ರವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. “ಕಾಕಾ, ಪೀಛೇ ಕಾ ಟಯರ್ ಬಹುತ್ ಪತ್ಲಾ ಹೈ,” ಎಂದ. ಹಿಂದಿನ ಟಯರು ತೀರಾ ಸಪೂರವಂತೆ. ಹಸಿರು ದೀಪ ಬಿತ್ತು, ಹೊರಟೇ ಹೋದ.

ನೀವೇ ಹೇಳಿ, ಇದು ಯಾವ ನ್ಯಾಯ? ಮೊದಲನೆಯದಾಗಿ, ನನ್ನ ತಲೆಯ ಮೇಲೂ ಹೆಲ್ಮೆಟ್ಟಿತ್ತು, ಅದರ ಗಾಜು ಇಳಿದಿತ್ತು. ಅದರೊಳಗೆ ಕೂತವನು ವಯಸ್ಸಾದ ಕಾಕಾ ಎಂದು ಇವನಿಗೆ ಗೊತ್ತಾದದ್ದು ಹೇಗೆ? ಕೂತ ಭಂಗಿಯಿಂದಲೇ? ಎರಡನೆಯದಾಗಿ, ನಾನು ಅವನ ಅಭಿಪ್ರಾಯ ಕೇಳಿದ್ದೆನೇ? ದಾರಿಯಲ್ಲಿ ಹೋಗುವವರ ಚಪ್ಪಲಿ ನೋಡಿ “ನಿಮ್ಮದು ಸಪೂರವಾಯಿತು, ಸ್ವಲ್ಪ ಅಗಲದ್ದು ಹಾಕಿ” ಎಂದು ನಾನು ಹೇಳಿದರೆ ಜನ ಸುಮ್ಮನಿರುತ್ತಾರೆಯೇ? ಆದರೆ ಮೋಟರ್ ಸೈಕಲ್ಲಿನ ಟಯರು ಮಾತ್ರ ಸಾರ್ವಜನಿಕ ಆಸ್ತಿ. ಕಚೇರಿಯ ಲಿಫ್ಟಿನವನು ಹೇಳುತ್ತಾನೆ, ಹಾಲಿನವನು ಹೇಳುತ್ತಾನೆ, ನಮ್ಮ ಬಿಲ್ಡಿಂಗಿನ ಕಾರ್ಯದರ್ಶಿ ನಲ್ಲಿ ಸೋರುವುದರ ಬಗ್ಗೆ ಮಾತಾಡಲು ಬಂದವನು ಅದನ್ನು ಬಿಟ್ಟು ಟಯರಿನ ಬಗ್ಗೆ ಮಾತಾಡಿ ಹೋಗುತ್ತಾನೆ. ನಲ್ಲಿ ಇನ್ನೂ ಸೋರುತ್ತಿದೆ.

ನನ್ನದು ಕ್ರೂಸರ್. ಕಾಲು ಮುಂದಕ್ಕೆ ಚಾಚಿ, ಬೆನ್ನು ಹಿಂದಕ್ಕೆ ವಾಲಿಸಿ, ಆರಾಮ ಕುರ್ಚಿಯಲ್ಲಿ ಕೂತಂತೆ ಕೂತು ಓಡಿಸುವ ಗಾಡಿ. ಕಣ್ಣು ಹಾಯುವಷ್ಟು ದೂರ ನೇರ ಹೋಗುವ ಖಾಲಿ ಹೆದ್ದಾರಿಗಳಿಗಾಗಿ ಯಾರೋ ಕಲ್ಪಿಸಿದ ವಾಹನ. ನಾನು ಅದನ್ನು ಡೊಂಬಿವಲಿಯ ಮನೆಯಿಂದ ಬೇಲಾಪುರದ ಕಚೇರಿಗೆ, ಶಿಳ್ ಫಾಟಾ ಕೂಡುರಸ್ತೆಯ ಇಕ್ಕಟ್ಟಿನಲ್ಲಿ, ಎರಡು ಟ್ರಕ್ಕುಗಳ ನಡುವೆ ಹೊಗೆ ಕುಡಿಯುತ್ತ ನೂಕುತ್ತೇನೆ. ಮುಂದಕ್ಕೆ ಚಾಚಿದ ಕಾಲು ನೆಲದ ಮೇಲೇ ಇರುತ್ತದೆ.

ಮತ್ತೆ ಯಾಕೆ ಕೊಂಡಿರಿ ಎಂದು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಹಿಂದಿನ ಸೀಟಿಗಾಗಿ ಕೊಂಡೆ ಎಂದರೆ ಯಾರೂ ನಂಬುವುದಿಲ್ಲ. ಮೊದಲಿದ್ದ ಬೈಕಿನ ಹಿಂದಿನ ಸೀಟು ಹಲಗೆಯಂತಿತ್ತು. ನನ್ನ ಹೆಂಡತಿ ವಸಂತಿ ಅದರ ಮೇಲೆ ಒಂದು ಬದಿಗೆ ಕೂತು, ಸೀರೆ ಸರಿಮಾಡಿಕೊಂಡು, ಇಷ್ಟು ವರ್ಷ ನನ್ನ ಜೊತೆ ತಿರುಗಿದ್ದಳು. ಶೋರೂಮಿನಲ್ಲಿ ಈ ಕ್ರೂಸರಿನ ಹಿಂದೆ ಕೂತು ನೋಡಿ, “ಇದು ಅಡ್ಡಿಲ್ಲ ಮಾರಾಯ್ರೆ, ಸೋಫಾದ ಹಾಗೆ ಉಂಟು,” ಎಂದಳು. ಅವಳು ಯಾವುದಕ್ಕೂ ‘ಅಡ್ಡಿಲ್ಲ’ಕ್ಕಿಂತ ದೊಡ್ಡ ಹೊಗಳಿಕೆ ಕೊಟ್ಟವಳಲ್ಲ. ನನಗೂ ಮದುವೆಯ ಹೊತ್ತಿಗೆ ಅದೇ ಸಿಕ್ಕಿದ್ದು. ಅಲ್ಲೇ ಬುಕ್ ಮಾಡಿದೆ.

ಪ್ರತಿ ಸಂಕಷ್ಟಿಗೆ ಟಿಟ್ವಾಳದ ಗಣಪತಿಗೆ ಹೋಗುವುದು ನಮ್ಮ ಪದ್ಧತಿ. ದಾರಿಯಲ್ಲಿ ಹೂ, ದರ್ಶನ, ಆಮೇಲೆ ಹೊರಗೆ ನಿಂತು ಒಂದು ಚಹಾ. ಮಕ್ಕಳ ಬಗ್ಗೆ, ಲೋನಿನ ಬಗ್ಗೆ, ಊರಲ್ಲಿ ಯಾರಿಗೆ ಏನಾಯಿತು ಎನ್ನುವುದರ ಬಗ್ಗೆ ನಾವಿಬ್ಬರೂ ಮಾತಾಡುವುದು ಆ ಗಾಡಿಯ ಮೇಲೆಯೇ. ಮನೆಯಲ್ಲಿ ಟೀವಿ ಮಾತಾಡುತ್ತಿರುತ್ತದೆ. ಹೋದ ಮಳೆಗಾಲದ ಒಂದು ಸಂಕಷ್ಟಿಯ ದಿನ, ಕಾಂಕ್ರೀಟ್ ರಸ್ತೆ ಮುಗಿದು ಸೇತುವೆ ಶುರುವಾಗುವಲ್ಲಿ ಹಾಕಿದ ಕಬ್ಬಿಣದ ಪಟ್ಟಿಯ ಮೇಲೆ ನಮ್ಮ ಹಿಂದಿನ ಚಕ್ರ ಮೀನಿನ ಬಾಲದಂತೆ ಒಮ್ಮೆ ಅತ್ತ, ಒಮ್ಮೆ ಇತ್ತ ಹೋಯಿತು. ಬೀಳಲಿಲ್ಲ. ವಸಂತಿಯ ಒಂದು ಚಪ್ಪಲಿ ಮಾತ್ರ ಹೋಯಿತು. ಮುಂದಿನ ಸಂಕಷ್ಟಿಗೆ ಹೂವಿನ ಚೀಲ ಹಿಡಿದು ಹೊರಟವಳು, “ನೀವು ಗಾಡಿಯಲ್ಲಿ ಬನ್ನಿ, ನಾನು ಟ್ರೇನಲ್ಲಿ ಬರ್ತೇನೆ,” ಎಂದಳು.

ಅಂದಿನಿಂದ ನಾವು ಒಂದೇ ದೇವಸ್ಥಾನಕ್ಕೆ ಎರಡು ದಾರಿಯಲ್ಲಿ ಹೋಗುವ ದಂಪತಿ. ಅವಳು ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿ ಹತ್ತುತ್ತಾಳೆ, ನಾನು ರಸ್ತೆಯಲ್ಲಿ ಹೋಗುತ್ತೇನೆ, ಚಪ್ಪಲಿ ಬಿಡುವ ಜಾಗದಲ್ಲಿ ಭೇಟಿಯಾಗುತ್ತೇವೆ. ಹೂ ಮಾರುವ ಹೆಂಗಸು “ವಹಿನೀ ಕುಠೇ?” ಎಂದು ಕೇಳಿದರೆ, ಅತ್ತಿಗೆ ಟ್ರೇನಿನಲ್ಲಿ ಬರುತ್ತಿದ್ದಾಳೆ ಎನ್ನುತ್ತೇನೆ. ಅವಳು ನನ್ನನ್ನೂ, ಹ್ಯಾಂಡಲ್ಲಿಗೆ ತೂಗುಹಾಕಿದ ಇನ್ನೊಂದು ಹೆಲ್ಮೆಟ್ಟನ್ನೂ ನೋಡುವ ನೋಟವಿದೆಯಲ್ಲ, ಅದನ್ನು ಸಹಿಸಿಕೊಂಡು ಯಾವ ಗಂಡಸೂ ನೆಮ್ಮದಿಯಿಂದ ಗಣಪತಿಗೆ ಕೈಮುಗಿಯಲಾರ. ಅಷ್ಟು ಅಗಲದ ಸೋಫಾ ಹಿಂದೆ ಖಾಲಿ. ನನ್ನ ಜೊತೆ ಕೂರುವುದಕ್ಕಿಂತ, ಉಸಿರಾಡಲು ಜಾಗವಿಲ್ಲದ ಡಬ್ಬಿಯಲ್ಲಿ ಯಾರದೋ ಮೊಣಕೈಯಿಂದ ತಿವಿಸಿಕೊಂಡು ನಿಲ್ಲುವುದು ಅವಳಿಗೆ ಹಿತವಾಯಿತೆಂದರೆ!

ಹೀಗಾಗಿ ಟಯರು. ಹೇಗೂ ಹಳೆಯದು ಸವೆದಿತ್ತು. ಅಗಲದ್ದು ಹಾಕಿದರೆ ಹಿಡಿತ ಹೆಚ್ಚು, ಹಿಡಿತ ಹೆಚ್ಚಿದರೆ ಜಾರುವುದಿಲ್ಲ, ಜಾರದಿದ್ದರೆ ವಸಂತಿ ಕೂರುತ್ತಾಳೆ. ಲೆಕ್ಕ ಇಷ್ಟೇ ಎಂದುಕೊಂಡು ಮೊಬೈಲಿನಲ್ಲಿ ವಿಡಿಯೊ ನೋಡಲು ಕೂತೆ. ಅಲ್ಲಿಂದ ಶುರುವಾಯಿತು ನನ್ನ ಹಣೆಬರಹ. ನಾನು ಮೊದಲೇ ಚಿಂತೆಯ ಜನ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಮೆಟ್ಟಿಲು ಹತ್ತಿ ವಾಪಸು ಬರುವವನು. ನನ್ನಂಥವನಿಗೆ ಒಬ್ಬ ಹೇಳುತ್ತಾನೆ, ಅಗಲದ ಟಯರು ಹಾಕದಿದ್ದರೆ ಸಾಯುತ್ತೀರಿ. ಅದರ ಕೆಳಗೇ ಇನ್ನೊಬ್ಬ, ಹಾಕಿದರೆ ಸಾಯುತ್ತೀರಿ. ಈ ಎರಡನೆಯವನ ವಾದ ಹೀಗೆ: ರಿಮ್ಮು ಕಿರಿದು, ಅದಕ್ಕೆ ಅಗಲದ ಟಯರನ್ನು ತುರುಕಿದರೆ ಅದರ ಎರಡು ಬದಿಗಳೂ ಒತ್ತಿಕೊಂಡು ನಡು ಉಬ್ಬುತ್ತದೆ, ನೆಲಕ್ಕೆ ತಾಗುವ ಭಾಗ ಹೆಚ್ಚುವುದೇ ಇಲ್ಲ, ತಿರುವಿನಲ್ಲಿ ಗಾಡಿ ಹಟ ಮಾಡುತ್ತದೆ. ಇಬ್ಬರಿಗೂ ಗಡ್ಡ ಇತ್ತು. ಯಾರನ್ನು ನಂಬುವುದು?

ಮಗಳು ಅದಿತಿಯನ್ನು ಕೇಳಿದೆ. ಅವಳು ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವ ಪೀಳಿಗೆಯವಳು. “ಪಪ್ಪಾ, ಚೌಡಾ ಡಾಲೋ. ಮಸ್ತ್ ದಿಖೇಗಾ,” ಎಂದಳು. ಅಗಲದ್ದೇ ಹಾಕಬೇಕು, ಚೆಂದ ಕಾಣುತ್ತದೆ ಎಂದು.

“ಚೆಂದಕ್ಕಲ್ಲ ಮಾರಾಯ್ತಿ, ಅಮ್ಮ ಕೂತುಕೊಳ್ಬೇಕು ಅಂತ.”

“ಮಗ್ ಮಮ್ಮೀಲಾ ವಿಚಾರ್ ನಾ!”

ಅಮ್ಮನನ್ನೇ ಕೇಳಬೇಕಂತೆ. ಹೆಂಡತಿಯನ್ನು ನೇರ ಕೇಳುವ ಧೈರ್ಯವಿದ್ದವನು ಇಷ್ಟೆಲ್ಲ ವಿಡಿಯೊ ನೋಡುತ್ತಾನೆಯೇ?

ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಥಾಣೆ ಹತ್ತಿರದ ಕಳವಾ ಎಂಬಲ್ಲಿ ಚಾಳಿನಲ್ಲಿ ನಾವಿದ್ದಾಗ ಅಪ್ಪನ ಬಳಿ ಒಂದು ಹಳೇ ಸ್ಕೂಟರಿತ್ತು. ಅಪ್ಪ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಆ ಸ್ಕೂಟರಿನ ಮುಂದಿನ ಚಕ್ರ, ಹಿಂದಿನ ಚಕ್ರ, ಬೆನ್ನಿಗೆ ಕಟ್ಟಿಕೊಂಡ ಸ್ಟೆಪ್ನಿ, ಮೂರೂ ಒಂದೇ ಅಳತೆಯವು. ಅಗಲವೇ ಸಪೂರವೇ ಎನ್ನುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಪ್ಪ ಆಗಾಗ ಭಾನುವಾರ ಬನಿಯನ್ನು ಹಾಕಿಕೊಂಡು ಕೂತು, ಮುಂದಿನದನ್ನು ಹಿಂದೆ, ಹಿಂದಿನದನ್ನು ಸ್ಟೆಪ್ನಿಗೆ, ಸ್ಟೆಪ್ನಿಯನ್ನು ಮುಂದಕ್ಕೆ ಹಾಕುತ್ತಿದ್ದರು. ಸರದಿಯಲ್ಲಿ ಎಲ್ಲರಿಗೂ ವಿಶ್ರಾಂತಿ. ತಮ್ಮ ಹೋಟೆಲಿನಲ್ಲಿ ಸಪ್ಲೈಯರುಗಳಿಗೆ ಸಿಗದ ರಜೆ ಅವರ ಟಯರುಗಳಿಗೆ ಸಿಗುತ್ತಿತ್ತು. ಸ್ಟೆಪ್ನಿ ನಮ್ಮದೆನ್ನುವುದೂ ಹೆಸರಿಗೆ ಮಾತ್ರ. ಚಾಳಿನಲ್ಲಿ ಯಾರ ಗಾಡಿ ಪಂಕ್ಚರಾದರೂ “ಭಟ್ರೇ, ಸ್ಟೆಪ್ನಿ ಕೊಡಿ” ಎಂದು ಒಯ್ಯುತ್ತಿದ್ದರು. ಅದು ನಾವು ಕಾಣದ ಊರುಗಳನ್ನೆಲ್ಲ ಕಂಡು ಬರುತ್ತಿತ್ತು. ಒಮ್ಮೆ ಯಾರದೋ ಮದುವೆಯ ದಿಬ್ಬಣಕ್ಕೆ ಹೋಗಿ, ಅಕ್ಷತೆಯ ಕಾಳು ಅಂಟಿಸಿಕೊಂಡು ಬಂದಿತ್ತು. ನಮಗೆ ಆಮಂತ್ರಣವೇ ಇರಲಿಲ್ಲ.

ಇರಲಿ. ನನ್ನ ಸಿಟ್ಟಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಅದರ ಹೆಸರು ರಘುರಾಮ ಭಾವ.

ರಘುರಾಮ ಭಾವ ಎಂದರೆ ವಸಂತಿಯ ಅಣ್ಣ. ಥಾಣೆಯಲ್ಲಿ ಶಾಕಾಹಾರಿ ಹೋಟೆಲು ನಡೆಸುತ್ತಾರೆ. ನಮ್ಮ ಕಡೆಯ ರೂಢಿಯಂತೆ ನಾನು ಅವರಿಗೆ ಭಾವ, ಅವರು ನನಗೆ ಭಾವ. ಪ್ರೀತಿಯ ಮನುಷ್ಯ. ಅವರ ಪ್ರೀತಿಯಿಂದ ನನಗೆ ಆದಷ್ಟು ತೊಂದರೆ ಇನ್ನೊಬ್ಬರ ದ್ವೇಷದಿಂದ ಆಗಿಲ್ಲ. ಒಂದು ದಿನ ಅವರ ಹೋಟೆಲಿನ ಎದುರು ಗಾಡಿ ನಿಲ್ಲಿಸಿದ್ದೇ, ಗಲ್ಲಾ ಬಿಟ್ಟು ಎದ್ದು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಭಾವ, ಕೋಪ ಮಾಡ್ಬೇಡಿ. ನಿಮ್ಮ ಗಾಡಿ ಎದುರಿಂದ ಕಂಡ್ರೆ ಕೋಣ, ಹಿಂದಿಂದ ಕಂಡ್ರೆ ಆಡು.”

“ಕಂಪನಿಯವರು ಕೊಟ್ಟದ್ದೇ ಇಷ್ಟು ಅಗಲ, ಭಾವ.”

“ಕಂಪನಿಯವ್ರಿಗೆ ಎಂತ ಗೊತ್ತುಂಟು? ಅವ್ರು ನಿಮ್ಮನ್ನು ಕಂಡಿದ್ದಾರಾ? ನಿಮ್ಮ ತೂಕ ಎಂತ, ನನ್ನ ತಂಗಿಯ ತೂಕ ಎಂತ, ಅವ್ರು ಕೇಳಿದ್ದಾರಾ? ಬನ್ನಿ, ಇಲ್ಲೇ ಹತ್ರ ನಮ್ಮ ಗುರ್ತದವ್ರದ್ದು ಟಯರಿನ ಅಂಗಡಿ ಉಂಟು.”

ಅಂಗಡಿಯವನು ನನ್ನ ಮಾತು ಅರ್ಧ ಕೇಳಿ, ಎಲ್ಲಕ್ಕಿಂತ ಅಗಲದ ಟಯರೊಂದನ್ನು ಎದುರಿಗೆ ಉರುಳಿಸಿದ. ನೂರೈವತ್ತರದ್ದು. ನನ್ನದು ನೂರಮೂವತ್ತು. ಈ ಅಂಕಿಗಳು ಅಗಲದ ಮಿಲಿಮೀಟರುಗಳು ಎಂದು ನಾನು ಅಷ್ಟರಲ್ಲಿ ಕಲಿತಿದ್ದೆ.

“ಸೇಠ್, ಯೇ ಲಗಾವ್. ಏಕ್‌ದಂ ಲುಕ್ ಆಯೇಗಾ.”

“ನನಗೆ ಲುಕ್ ಬೇಡ, ಗ್ರಿಪ್ ಬೇಕು,” ಎಂದು ನನ್ನ ಉಡುಪಿ ಹಿಂದಿಯಲ್ಲಿ ಹೇಳಿದೆ.

“ಗ್ರಿಪ್ ತೋ ಆಯೇಗಾ ಹೀ. ಬಸ್, ಚೈನ್ ಕವರ್ ಥೋಡಾ ಘಿಸ್ನಾ ಪಡೇಗಾ, ಔರ್ ಸಾಡೀ ಗಾರ್ಡ್ ನಿಕಾಲ್ನಾ ಪಡೇಗಾ.”

ನಾನು ಕೇಳಿದ್ದು ಸರಿಯೇ ಎಂದು ಇನ್ನೊಮ್ಮೆ ಕೇಳಿದೆ. ಸರಿಯೇ. ಚೈನಿನ ಮುಚ್ಚಳ ಉಜ್ಜಬೇಕು. ಹಿಂದಿನ ಚಕ್ರದ ಪಕ್ಕ, ಕೂತವಳ ಸೀರೆ ಒಳಗೆ ಹೋಗದಂತೆ ಕಟ್ಟಿದ ಕಂಬಿಯ ಜಾಲರಿಯಿದೆಯಲ್ಲ, ಅದನ್ನು ಕಿತ್ತು ಬಿಸಾಡಬೇಕು. ಯಾಕೆಂದರೆ ಟಯರು ಅದಕ್ಕೆ ಉಜ್ಜುತ್ತದೆ!

ನನಗೆ ಮೈಯೆಲ್ಲ ಉರಿದುಹೋಯಿತು. ಸೀರೆ ಉಟ್ಟ ಹೆಂಡತಿಯನ್ನು ಹಿಂದೆ ಕೂರಿಸಿಕೊಳ್ಳಲು ಟಯರು ಹಾಕಿಸುವವನಿಗೆ, ಅವಳ ಸೀರೆಯನ್ನು ಕಾಯುವುದನ್ನೇ ಕಿತ್ತುಹಾಕು ಎನ್ನುವ ಬುದ್ಧಿವಂತಿಕೆ! ಇದನ್ನು ಅವನು ನಗುನಗುತ್ತ ಹೇಳಿದ. “ಆಜ್‌ಕಲ್ ಕೌನ್ ಸಾಡೀ ಪಹೆನ್‌ತಾ ಹೈ, ಸೇಠ್?” ಎಂದೂ ಕೇಳಿದ. ನನ್ನ ಹೆಂಡತಿ ಉಡುತ್ತಾಳೆ ಮಾರಾಯ! ದಿನಾ ಉಡುತ್ತಾಳೆ! ಅವಳ ಸೀರೆಯ ಒಂದು ಎಳೆ ಚಕ್ರಕ್ಕೆ ಸಿಕ್ಕರೆ ನಿನ್ನ ಲುಕ್ಕನ್ನು ಏನು ಮಾಡಲಿ? ಇದನ್ನೆಲ್ಲ ನಾನು ಜೋರಾಗಿ, ಕನ್ನಡದಲ್ಲಿ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಆದರೆ ಟಯರನ್ನು ವಾಪಸು ಉರುಳಿಸಿಕೊಂಡ.

ಭಾವ ನನ್ನನ್ನು ಪಕ್ಕಕ್ಕೆ ಕರೆದರು. “ಹೋಗ್ಲಿ, ನಡುವಿನದ್ದು ತಗೊಳ್ಳಿ. ಒಂದು ಬೆರಳು ಹೆಚ್ಚು. ಗಾರ್ಡೂ ಇರ್ತದೆ, ಮರ್ಯಾದೆಯೂ ಇರ್ತದೆ.”

ನೂರನಲವತ್ತು. ನನ್ನ ರಿಮ್ಮಿಗೆ ಅದು ನಡೆಯುತ್ತದೆ ಎಂದು ವಿಡಿಯೊದ ಇಬ್ಬರೂ ಗಡ್ಡದವರು ಒಪ್ಪಿದ್ದರು. ಇಷ್ಟು ದಿನ ತಲೆ ಕೆಡಿಸಿಕೊಂಡು ಕಡೆಗೆ ಪಡೆದದ್ದು ಬೆರಳಗಲದ ಪ್ರಗತಿ. ಅದೂ ಅಂಗಡಿಯಲ್ಲಿರಲಿಲ್ಲ, ಗೋಡೌನಿನಿಂದ ತರಿಸಬೇಕಿತ್ತು. “ನೀವು ಕಚೇರಿ ಬಿಟ್ಟು ಬರುದೆಂತಕ್ಕೆ? ಹೋಟೆಲಿಗೇ ತರಿಸಿಡ್ತೇನೆ. ಸಂಕಷ್ಟಿಯ ಬೆಳಿಗ್ಗೆ ತರಕಾರಿ ಟೆಂಪೊದಲ್ಲಿ ನಿಮ್ಮಲ್ಲಿಗೆ ಬರ್ತದೆ,” ಎಂದರು ಭಾವ. ಆಮೇಲೆ ಸ್ವರ ತಗ್ಗಿಸಿ, “ಪೂಜೆ ಆಗದೆ ಅದು ನೆಲಕ್ಕೆ ತಾಗ್ಬಾರ್ದು, ಭಾವ,” ಎಂದರು.

ಇದರಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಹೋಟೆಲಿನವರ ಕ್ರಮ ಅದು. ರುಬ್ಬುವ ಯಂತ್ರದ ಕಲ್ಲೊಂದನ್ನೇ ಬದಲಾಯಿಸಿದರೂ ಆ ಕಲ್ಲಿಗೆ ಪ್ರತ್ಯೇಕ ಪೂಜೆ. ಯಂತ್ರಕ್ಕೆ ಹಿಂದೆಯೇ ಆಗಿದೆ, ಕಲ್ಲಿಗೆ ಆಗಿಲ್ಲವಲ್ಲ! ಮನೆಗೆ ಬಂದು ಹೇಳಿದಾಗ ವಸಂತಿ ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಅಣ್ಣ ಪೂಜೆ ಮಾಡಿ ಕಳಿಸ್ತಾನಂತಾ?”

“ಹೌದು.”

“ಹಾಗಾದ್ರೆ ಈ ಸಲ ನಾನು ಗಾಡಿಯಲ್ಲೇ ಬರ್ತೇನೆ.”

ನೋಡಿದಿರಾ? ನನ್ನ ವಿಡಿಯೊಗಳು, ನನ್ನ ಮಿಲಿಮೀಟರು, ಸೀರೆ ಗಾರ್ಡಿಗಾಗಿ ನಾನು ಥಾಣೆಯ ಬೀದಿಯಲ್ಲಿ ನಡೆಸಿದ ಹೋರಾಟ, ಇವು ಯಾವುವೂ ಲೆಕ್ಕಕ್ಕಿಲ್ಲ. ಅಣ್ಣ ಊದುಬತ್ತಿ ತೋರಿಸುತ್ತಾನೆ, ಅಷ್ಟು ಸಾಕು. ನನಗೆ ಸಂತೋಷವೂ ಆಯಿತು, ಅವಮಾನವೂ ಆಯಿತು. ಎರಡನ್ನೂ ಚಪಾತಿಯ ಜೊತೆ ತಿಂದೆ.

ಸಂಕಷ್ಟಿಯ ಬೆಳಿಗ್ಗೆ ಬೂದುಗುಂಬಳ, ಸೌತೆಕಾಯಿಗಳ ನಡುವೆ ಟಯರು ಬಂದಿಳಿಯಿತು. ಕುಂಕುಮ, ಅರಿಶಿನ, ಚೆಂಡುಹೂವಿನ ಮಾಲೆ. ಮದುಮಗನಂತೆ ಮಿರಮಿರ ಮಿಂಚುತ್ತಿತ್ತು. ಗೇಟಿನ ಪಕ್ಕದ ಪಂಕ್ಚರ್ ಅಂಗಡಿಯವನು ಅದನ್ನು ಚಕ್ರಕ್ಕೆ ಹಾಕುತ್ತ, “ಬಹುತ್ ಚಮಕ್ ರಹಾ ಹೈ, ಸಾಬ್,” ಎಂದ. ಹೊಸ ಮಾಲು ಎಂದರೆ ಹೀಗಿರಬೇಕು ಎಂದು ನಾನು ಬೀಗಿದೆ. ಗ್ಯಾಸ್ ನೋಡಲು ಮೆಟ್ಟಿಲು ಹತ್ತುವ ಮನುಷ್ಯ, ಗಾಳಿ ಎಷ್ಟಿದೆ ಎಂದು ಮತ್ತೆ ಮತ್ತೆ ಅಳೆಸಿದ ಮನುಷ್ಯ, ಆ ಹೊಳಪನ್ನು ಮಾತ್ರ ಒಮ್ಮೆ ಬೆರಳಿನಿಂದ ಮುಟ್ಟಿ ನೋಡಲಿಲ್ಲ.

ವಸಂತಿ ರೇಷ್ಮೆಯಂಚಿನ ಹಸಿರು ಸೀರೆಯುಟ್ಟು ಬಂದಳು. ಹೆಲ್ಮೆಟ್ಟು ಹಾಕಿಕೊಂಡಳು. ಹಿಂದೆ ಕೂತು, ಸೆರಗು ಸುತ್ತಿಕೊಂಡು, ನನ್ನ ಭುಜದ ಮೇಲೆ ಕೈಯಿಟ್ಟಳು. ಆ ಕೈಯ ಭಾರ ನನಗೆ ಮರೆತೇಹೋಗಿತ್ತು. ನಾನು ತುಂಬ ನಿಧಾನವಾಗಿ, ತುಂಬಿದ ಕೊಡ ಹೊತ್ತವನಂತೆ, ಹೊರಟೆ. ಗೇಟಿನ ಹತ್ತಿರ ನುಣ್ಣಗಿನ ಸಿಮೆಂಟು ಬಿಲ್ಲೆಗಳಿವೆ. ಅಲ್ಲಿ ಹ್ಯಾಂಡಲು ತಿರುಗಿಸಿದ್ದೇ ತಡ, ಹಿಂದಿನ ಚಕ್ರ ತನ್ನ ದಾರಿ ತಾನು ಹಿಡಿಯಿತು. ಗಾಡಿ ಅವಸರವೇ ಇಲ್ಲದೆ, ಎಮ್ಮೆ ಕೆಸರಿನಲ್ಲಿ ಮಲಗುವಂತೆ, ಎಡಕ್ಕೆ ಮಲಗಿತು. ವಸಂತಿ ಬಸ್ಸಿನಿಂದ ಇಳಿಯುವವಳಂತೆ ಇಳಿದು ನಿಂತಳು. ನಾನು ಗಾಡಿಯ ಜೊತೆ ನೆಲದ ಮೇಲಿದ್ದೆ.

“ನಿಮಗೆಂತ ಆಯ್ತು?” ಎಂದಳು.

“ನಿನಗೆ?”

“ನಾನು ನಿಂತಿದ್ದೇನಲ್ಲ! ಏಳಿ.”

ಎದ್ದೆ. ಮೊಣಕೈ ತರಚಿತ್ತು, ಅಷ್ಟೇ. ಆದರೆ ಒಳಗೆ ಎಲ್ಲ ಮುಗಿದುಹೋಗಿತ್ತು. ಇನ್ನು ಈ ಜನ್ಮದಲ್ಲಿ ಇವಳು ಹಿಂದೆ ಕೂರುವುದಿಲ್ಲ. ಮುಂದಿನ ಲೋಕಲ್ಲು ಎಷ್ಟು ಹೊತ್ತಿಗೆ ಎಂದು ಅವಳು ಕೇಳುವುದನ್ನೇ ಕಾಯುತ್ತ ಗಾಡಿ ಎತ್ತತೊಡಗಿದೆ. ಎತ್ತಲು ಕೈಜೋಡಿಸಿದ ಅವಳು ಟಯರು ಹಿಡಿದಳು. ಥಟ್ಟನೆ ಕೈಬಿಟ್ಟಳು. ಅಂಗೈ ಮೂಸಿದಳು. ಇನ್ನೊಮ್ಮೆ ಮೂಸಿದಳು.

“ರೀ, ಇದು ತೆಂಗಿನೆಣ್ಣೆ!”

ಅಲ್ಲೇ ಫೋನು ತೆಗೆದು, ಸ್ಪೀಕರಿಗೆ ಹಾಕಿ ಅಣ್ಣನನ್ನು ಹಿಡಿದಳು. ಭಾವ ಬಹಳ ಖುಷಿಯಲ್ಲಿದ್ದರು. “ಹ್ಞೂಂ, ಎಣ್ಣೆ ಹಾಕಿದ್ದು ನಾನೇ. ಹೊಸ ದೋಸೆ ಕಾವಲಿಯನ್ನು ಪಳಗಿಸುದಿಲ್ವಾ, ಹಾಗೆ. ಎರಡು ದಿನ ಎಣ್ಣೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಉಜ್ಜಿ… ಹೇಗೆ ಹೊಳಿತಿತ್ತು ಕಂಡ್ಯಾ? ರಬ್ಬರು ಮೆತ್ತಗಾದ್ರೆ ಬಾಳಿಕೆ ಬರ್ತದೆ ಮಾರಾಯ್ತಿ!”

ದೋಸೆ ಅಂಟಬಾರದೆಂದು ಕಾವಲಿಗೆ ಎಣ್ಣೆ ಉಣಿಸಿ ಪಳಗಿಸುತ್ತಾರೆ. ರಸ್ತೆಗೆ ಅಂಟಿಕೊಂಡು ಹೋಗಲೆಂದು ನಾನು ಊರೆಲ್ಲ ಹುಡುಕಿ ಕೊಂಡ ಟಯರನ್ನು ನನ್ನ ಭಾವ, ಅಂಟದಂತೆ, ಎರಡು ದಿನ, ಭಕ್ತಿಯಿಂದ ಪಳಗಿಸಿದ್ದರು!

ನಾನು ಬಾಯಿ ತೆರೆದೆ. ಜೀವಮಾನದ ಬೈಗಳು ಒಟ್ಟಾಗಿ ಗಂಟಲಿಗೆ ಬಂದಿದ್ದವು. ಆದರೆ ನನಗೆ ಅವಕಾಶ ಸಿಗಲಿಲ್ಲ. ವಸಂತಿ ತುಳುವಿನಲ್ಲಿ ಶುರುಮಾಡಿದ್ದಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ಸಾರಾಂಶ ಇಷ್ಟು: ಇವರು ಇಷ್ಟು ತಿಂಗಳು ನಿದ್ದೆಗೆಟ್ಟು, ನನ್ನ ಸೀರೆಗೆ ಏನೂ ಆಗಬಾರದೆಂದು ಅಂಗಡಿಯವನ ಹತ್ತಿರ ಜಗಳ ಮಾಡಿ ತಂದ ಟಯರು, ನೀನು ಅದನ್ನು ಮಸಾಲೆದೋಸೆ ಮಾಡಿದಿಯಲ್ಲ! ಸೀರೆಯ ವಿಷಯ ಅವಳಿಗೆ ಗೊತ್ತಿತ್ತೆಂದು ನನಗೆ ಆಗಲೇ ಗೊತ್ತಾದದ್ದು. ಭಾವ ಆ ದಿನವೇ ಹೇಳಿದ್ದರಂತೆ.

ಫೋನಿಟ್ಟವಳು ಮೇಲೆ ಹೋದಳು. ಟ್ರೇನಿಗೆ ಪರ್ಸು ತರಲು ಹೋದಳೆಂದುಕೊಂಡೆ. ಇಳಿದು ಬಂದಾಗ ಹಳೇ ನೂಲಿನ ಸೀರೆ, ಒಂದು ಕೈಯಲ್ಲಿ ಸೀಗೆಪುಡಿಯ ಡಬ್ಬಿ, ಇನ್ನೊಂದರಲ್ಲಿ ತೆಂಗಿನ ನಾರಿನ ಉಂಡೆ. ಗಾಡಿಯನ್ನು ವಾಚ್‌ಮನ್ನನ ನಲ್ಲಿಯ ಹತ್ತಿರ ನಿಲ್ಲಿಸಲು ಹೇಳಿ, ಸೆರಗು ಸಿಕ್ಕಿಸಿಕೊಂಡು ಕೂತುಬಿಟ್ಟಳು. ಹಬ್ಬದ ದಿನ ಅಭ್ಯಂಜನ ಮಾಡಿಸಿದವರ ತಲೆ ತಿಕ್ಕುವಂತೆ ಟಯರನ್ನು ತಿಕ್ಕಿದಳು. ನಾನು ಚಕ್ರ ತಿರುಗಿಸುವ ಕೆಲಸದಲ್ಲಿದ್ದೆ.

“ಬ್ರೇಕಿಗೆ ನೀರು ಹೋಗ್ತದೆ,” ಎಂದೆ.

“ಹೋಗ್ಲಿ, ಒಣಗ್ತದೆ. ನೀವು ತಿರುಗಿಸಿ.”

ಎರಡನೇ ಮಹಡಿಯಿಂದ ಯಾರೋ “ವಹಿನೀ, ಸಾಬಣ್ ಪಾವಡರ್ ಘಾಲಾ!” ಎಂದು ಸಾಬೂನು ಪುಡಿ ಹಾಕುವ ಸಲಹೆ ಕೊಟ್ಟರು. ವಸಂತಿ ತಲೆಯೆತ್ತಿ ನೋಡಿದಳು. ಕಿಟಕಿ ಮುಚ್ಚಿಕೊಂಡಿತು. ಕೊನೆಯ ತಂಬಿಗೆ ನೀರು ಹೊಯ್ದು, ಹೆಬ್ಬೆರಳನ್ನು ಟಯರಿನ ಮೇಲೆ ಒತ್ತಿ ಎಳೆದಳು. ಕಿರ್ ಎಂದಿತು. “ಪಾತ್ರೆ ಕಿರ್ ಅಂದ್ರೆ ಎಣ್ಣೆ ಬಿಟ್ಟಿತು ಅಂತ,” ಎಂದಳು. ಮತ್ತೆ ಮೇಲೆ ಹೋಗಿ, ಅದೇ ಹಸಿರು ಸೀರೆಯುಟ್ಟು ಬಂದು, ಹಿಂದೆ ಕೂತಳು.

ನನಗೇ ನಂಬಿಕೆಯಾಗಲಿಲ್ಲ. ಹೊಸ ಟಯರಿನ ಮೇಲೆ ಸ್ವಲ್ಪ ದೂರ ಹುಷಾರಾಗಿ ಹೋಗಬೇಕು, ತಿರುವಿನಲ್ಲಿ ವಾಲಬಾರದು ಎಂದು ವಿವರಿಸಲು ಹೊರಟೆ.

“ನೀವು ಹೊರಡಿ ಮಾರಾಯ್ರೆ. ತಿಕ್ಕಿದ್ದು ನಾನು.”

ಟಿಟ್ವಾಳ ತಲುಪುವವರೆಗೆ ಚಕ್ರ ರಸ್ತೆಯನ್ನು ಬಿಟ್ಟುಕೊಡಲಿಲ್ಲ. ದೇವಸ್ಥಾನದ ಹೊರಗೆ ವಾಹನಪೂಜೆ ಮಾಡುವ ಗುರುಜಿ, “ಗಾಡೀ ನವೀನ್ ಆಹೇ?” ಎಂದು ಕೇಳಿದರು. “ಗಾಡಿ ಹಳೇದು, ಟಯರು ಹೊಸದು,” ಎಂದು ವಸಂತಿ ಮರಾಠಿಯಲ್ಲಿ ಹೇಳಿದಳು. ಬರೀ ಟಯರಿಗೆ ಪೂಜೆಯೇ ಎಂದು ಅವರು ನನ್ನ ಮುಖ ನೋಡಿದರು. ಆದರೂ ಕುಂಕುಮ ಹಚ್ಚಿದರು, ನಿಂಬೆಹಣ್ಣು ಇಟ್ಟರು, ಆಮೇಲೆ ಚೀಲದಿಂದ ಎಣ್ಣೆಯ ಒಂದು ಪುಟ್ಟ ಬಾಟಲಿ ತೆಗೆದು, “ಆತಾ ಚಾಕಾವರ್ ಥೋಡಂ ತೇಲ್…” ಎನ್ನುತ್ತ ಬಗ್ಗಿದರು.

“ತೇಲ್ ನಕೋ!”

ದರ್ಶನದ ಸಾಲಿನವರೆಲ್ಲ ತಿರುಗಿ ನೋಡಿದರು. ವಸಂತಿ ಗುರುಜಿಗೂ ಟಯರಿಗೂ ನಡುವೆ ಎರಡು ಕೈ ಚಾಚಿ ನಿಂತಿದ್ದಳು. ಚಕ್ರಕ್ಕೆ ಎಣ್ಣೆ ಹಾಕಬೇಕೆಂದು ಯಾವ ಶಾಸ್ತ್ರದಲ್ಲಿದೆ, ಬಿದ್ದರೆ ಯಾರು ಎತ್ತುತ್ತಾರೆ, ಟಯರು ಎಂದರೆ ಏನೆಂದುಕೊಂಡಿದ್ದೀರಿ ಎಂದು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಕೇಳುತ್ತಿದ್ದಳು. ಗುರುಜಿ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಹಿಂತಿರುಗುವ ದಾರಿಯಲ್ಲೂ ಅವಳು ನಿಲ್ಲಿಸಲಿಲ್ಲ. ಗುರುಜಿಗೆ, ಅಣ್ಣನಿಗೆ, ಸೇತುವೆಗೆ ಕಬ್ಬಿಣದ ಪಟ್ಟಿ ಹಾಕಿದವನಿಗೆ, ಗುಂಡಿ ಮುಚ್ಚುತ್ತೇನೆಂದು ಜಲ್ಲಿ ಸುರಿದು ಹೋದವನಿಗೆ, ಅಡ್ಡ ಬಂದ ರಿಕ್ಷಾದವನಿಗೆ, ಒಬ್ಬೊಬ್ಬರಿಗೂ ಹೆಸರು ಹಿಡಿದು ಅರ್ಚನೆಯಾಯಿತು.

“ನೀವೆಂತ ಸುಮ್ಮನೆ ಇದ್ದೀರಿ? ನಿಮಗೆ ಸಿಟ್ಟೇ ಬರುದಿಲ್ವಾ?” ಎಂದು ಭುಜ ಅಲುಗಿಸಿದಳು.

ಅಷ್ಟು ದೂರ ನಾನು ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಬೇಕಾದಷ್ಟು ಹಿಂದಿನ ಸೀಟಿನಿಂದ ಬರುತ್ತಿತ್ತು.